ಕಸ್ತೂರಿಯ ಉಗುರಿನ ನೀಲಿ

ನನ್ನ ಹೆಂಡತಿ ಕಸ್ತೂರಿ ಮೊದಲು ಬಿಟ್ಟದ್ದು ಮಾತನ್ನು. ಕೆಮ್ಮು ಆಮೇಲೆ ಬಂತು. ಏದುಸಿರು ಅದರ ಬೆನ್ನಿಗೆ ಬಂತು. ಮಾತು ಕಡಿಮೆಯಾದದ್ದು ಎಲ್ಲಕ್ಕಿಂತ ಮೊದಲು.

ಅವಳು ಮಾತಿನ ಹೆಂಗಸು. ಬಣ್ಣದಲ್ಲಿ ಅದ್ದಿ ತೆಗೆದ ಒದ್ದೆ ನೂಲಿನ ಲಡಿಯನ್ನು ಆ ತುದಿ ಅವಳು, ಈ ತುದಿ ನಾನು ಹಿಡಿದು ಹಿಂಡುತ್ತಿದ್ದೆವು. ಒಂದು ಲಡಿ ಹಿಂಡಿ ಮುಗಿಯುವುದರೊಳಗೆ ನಮ್ಮ ಓಣಿಯ ಅರ್ಧ ಸುದ್ದಿ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಎಮ್ಮೆ ಒದೆಯಿತು, ಯಾರ ಸೊಸೆ ತವರಿಗೆ ಹೋಗಿ ಕುಳಿತಳು, ಎಲ್ಲ. ಆ ಚಳಿಗಾಲದಲ್ಲಿ ಅವಳು ಸುಮ್ಮನೆ ಹಿಂಡತೊಡಗಿದಳು. ಹಿಂಡಿ, ಲಡಿಯನ್ನು ನನ್ನ ಕೈಗೆ ಬಿಟ್ಟು, ಗೋಡೆ ಹಿಡಿದು ನಿಲ್ಲುತ್ತಿದ್ದಳು.

ನನಗೆ ಅದು ಹಿತವೆನಿಸಿತು.

ಹೌದು, ಹಿತವೆನಿಸಿತು. ವಯಸ್ಸಾಯಿತು, ಬುದ್ಧಿ ಬಂತು, ಇನ್ನು ಮನೆಯಲ್ಲಿ ಸ್ವಲ್ಪ ಶಾಂತಿ ಇರುತ್ತದೆ ಎಂದುಕೊಂಡೆ. ಮಾತಿಗೆ ಉಸಿರು ಬೇಕು, ಅವಳಲ್ಲಿ ಆ ಉಸಿರೇ ಸಾಲುತ್ತಿಲ್ಲ ಎಂದು ನನಗೆ ಹೊಳೆಯಲಿಲ್ಲ.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ರಾಮದುರ್ಗದ ಕಡೆಯ ಸುರೇಬಾನದಲ್ಲಿ ನಮ್ಮ ಸೋದರಮಾವ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ. ಅವನ ಕೈಕೆಳಗೆ ಕಲಿತೆ. ಎರಡು ಲಡಿಗಳ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ದೂರದಿಂದಲೇ ಹೇಳುತ್ತಿದ್ದೆ. ಮಗ್ಗಗಳು ಕಡಿಮೆಯಾದ ಮೇಲೆ ಬೈಲಹೊಂಗಲಕ್ಕೆ ಮರಳಿ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿದೆ. ಆದರೂ ಯಾರಾದರೂ ಕೇಳಿದರೆ, "ನಾವು ಬಣ್ಣದವರು" ಎಂದೇ ಹೇಳುತ್ತಿದ್ದೆ. ಬಣ್ಣದ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಸೊಕ್ಕು ನನಗಿತ್ತು.

ಮನೆಯಲ್ಲಿ ಬಣ್ಣ ಶುರುವಾದದ್ದು ಕಸ್ತೂರಿಯಿಂದ. ಅವಳು ಕೂಸುಗಳಿಗೆ ಸ್ವೆಟರ್, ಕುಲಾಯಿ, ಕಾಲುಚೀಲ ಹೆಣೆಯುತ್ತಿದ್ದಳು. ಅಂಗಡಿಯ ಉಲ್ಲನ್ ಅವಳ ಮನಸ್ಸಿಗೆ ಬರುತ್ತಿರಲಿಲ್ಲ.

"ಅಲ್ರಿ, ನಿಮಗ ಬಣ್ಣಾ ಹಾಕಾಕ ಬರ್ತೈತಿ, ನನಗ ಹೆಣಿಯಾಕ ಬರ್ತೈತಿ. ಅಂಗಡಿಯಂವ ಕೊಟ್ಟ ಗಿಳಿಹಸರು ತಂದು ನಾ ಯಾಕ ಕಣ್ಣ ಕೆಡಿಸ್ಕೋಬೇಕು?" ಎಂದಳು.

ಬಿಳಿ ಉಣ್ಣೆಯ ನೂಲು ತರಿಸಿದೆವು. ಉಳ್ಳಾಗಡ್ಡಿಯ ಸಿಪ್ಪೆ ಕುದಿಸಿದರೆ ಜೇನಿನ ಬಣ್ಣ, ದಾಳಿಂಬೆಯ ಸಿಪ್ಪೆಗೆ ಹಳದಿ, ಮಂಜಿಷ್ಠದ ಬೇರಿಗೆ ಇಟ್ಟಿಗೆಗೆಂಪು. ಗಾಢ ಬಣ್ಣ ಬೇಕೆಂದವರಿಗೆ ಪೊಟ್ಟಣದ ಪುಡಿ. ಪುಡಿಯನ್ನು ಅಳೆದು ಕಲಸುವುದು ಕಸ್ತೂರಿಯ ಕೆಲಸ. ಚಮಚ ಎತ್ತಿದರೆ ಗಾಳಿಯಲ್ಲಿ ಬಣ್ಣ ಏಳುತ್ತಿತ್ತು. ಸಂಜೆ ಅವಳು ಸೀನಿದರೆ ಕರವಸ್ತ್ರ ಕೆಂಪು, ಹಸಿರು. ಅದನ್ನು ನೋಡಿ ಇಬ್ಬರೂ ನಗುತ್ತಿದ್ದೆವು. ಧಾರವಾಡ, ಬೆಳಗಾವಿಯ ಹೆಣಿಗೆಯ ಹೆಂಗಸರು ನೂಲು ಕೇಳಿಕೊಂಡು ಫೋನ್ ಮಾಡತೊಡಗಿದರು. ಅವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ನಮ್ಮ ನೀಲಿ.

ನೀಲಿಯ ಹಂಡೆ ಉಳಿದ ಬಣ್ಣಗಳಂತಲ್ಲ. ಅದಕ್ಕೆ ಬೆಲ್ಲ ಬೇಕು, ಸುಣ್ಣ ಬೇಕು, ಬೆಚ್ಚಗಿನ ಜಾಗ ಬೇಕು. ಬೆಲ್ಲ ಎಂ.ಕೆ. ಹುಬ್ಬಳ್ಳಿ ಕಡೆಯ ಗಾಣದ್ದೇ ಆಗಬೇಕು ಎಂದು ನನ್ನ ಹಟ. ಹಂಡೆಗೆ ತಣ್ಣನೆಯ ಗಾಳಿ ಬಡಿದರೆ ಬಣ್ಣ ಸಾಯುತ್ತದೆ. ಅದಕ್ಕೇ ಚಳಿಗಾಲದಲ್ಲಿ ಅಡುಗೆಮನೆಯೊಳಗೆ, ಒಲೆಯ ಪಕ್ಕದಲ್ಲಿ, ಕೌದಿ ಸುತ್ತಿ ಬಾಣಂತಿಯ ಹಾಗೆ ಬೆಚ್ಚಗೆ ಇಡುತ್ತಿದ್ದೆವು. ಇದ್ದ ಒಂದು ಕಿಟಕಿಗೆ ನಾನೇ ಗೋಣಿಚೀಲ ಹೊಡೆದೆ. ಹೊಗೆ ಹೊರಗೆ ಹೋಗುತ್ತಿರಲಿಲ್ಲ. ಹಂಡೆ ಮಾತ್ರ ಚೆನ್ನಾಗಿತ್ತು.

ನೀಲಿಯಲ್ಲಿ ಅದ್ದಿದ ನೂಲು ಹೊರಗೆ ಬಂದಾಗ ನೀಲಿ ಇರುವುದಿಲ್ಲ. ಹಸಿರುಹಳದಿ ಇರುತ್ತದೆ. ಗಾಳಿ ತಾಗಿದ ಮೇಲೆ, ನಾವು ನೋಡುತ್ತ ನಿಂತಿರುವಾಗಲೇ, ಅದು ನೀಲಿಗೆ ತಿರುಗುತ್ತದೆ. ಎಷ್ಟು ಸಲ ನೋಡಿದರೂ ಕಸ್ತೂರಿಗೆ ತೃಪ್ತಿ ಇರಲಿಲ್ಲ. ಪಕ್ಕದ ಮನೆಯವರನ್ನು ಕೂಗಿ ಕರೆಯುತ್ತಿದ್ದಳು: "ಲಗೂ ಬರ್ರಿ, ಲಗೂ ಬರ್ರಿ, ಹೊಳ್ಳಾಕತ್ತೈತಿ!"

ನಮ್ಮಿಬ್ಬರ ಕೈ ಮಣಿಕಟ್ಟಿನವರೆಗೆ ನೀಲಿ. ಚರ್ಮದ್ದು ತೊಳೆದರೆ ಹೋಗುತ್ತದೆ, ಉಗುರಿನದು ಹೋಗುವುದಿಲ್ಲ. ಒಮ್ಮೆ ಕಸ್ತೂರಿ ಪೇಟೆಯಿಂದ ರಬ್ಬರಿನ ಕೈಗವಸು ತಂದಳು. "ಇದನ್ನ ಹಾಕ್ಕೊಂಡು ಡಾಕ್ಟರಕಿ ಆಗ್ತೀಯೇನು? ಕೈಗೆ ತಾಗಲಿಲ್ಲಂದ್ರ ನೂಲು ಎಷ್ಟು ಕುಡಿದೈತಿ ಅಂತ ಹೆಂಗ ತಿಳೀತೈತಿ?" ಎಂದು ಚುಚ್ಚಿದೆ. ಅವಳು ಆ ಕೈಗವಸುಗಳನ್ನು ನೆಲುವಿನ ಮೇಲೆ ಎಸೆದಳು. ಮತ್ತೆ ಕೆಳಗೆ ಇಳಿಸಲಿಲ್ಲ.

ಕೆಮ್ಮು ಹೆಚ್ಚಾದ ಮೇಲೆ ಊರಿನ ಒಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಆಕ್ಸಿಮೀಟರ್ ತೆಗೆದು ಅವಳ ಬೆರಳಿಗೆ ಸಿಕ್ಕಿಸಿದರು. ಎಂಬತ್ತೆರಡು. ಬೆರಳು ಬದಲಿಸಿದರು. ಎಂಬತ್ತೊಂದು.

"ಆಕ್ಸಿಜನ್ ಭಾಳ ಕಡಿಮಿ ತೋರಸಾಕತ್ತೈತಲ್ರಿ," ಎಂದರು.

ನಾನು ನಕ್ಕೆ.

"ಸಾಹೇಬ್ರ, ಅದು ಬಣ್ಣಾರಿ. ಉಗುರ ನೋಡ್ರಿ. ಪಾಪ, ನಿಮ್ಮ ಮಷಿನ್ನಿಗೆ ನಮ್ಮ ನೀಲಿ ಹೆಂಗ ಗೊತ್ತಾಗಬೇಕು? ಬೇಕಾದ್ರ ನನಗೂ ಹಾಕಿ ನೋಡ್ರಿ."

ನನ್ನ ಬೆರಳಿಗೆ ಹಾಕಿದರು. ಅಂಕಿ ಬರಲೇ ಇಲ್ಲ, ಎರಡು ಅಡ್ಡಗೆರೆ ಮಿನುಗಿದವು. ಇನ್ನೊಂದು ಬೆರಳಿಗೆ ಹಾಕಿದರೆ ಎಂಬತ್ತಾರು.

"ನೋಡಿದ್ರಿಲ್ಲೋ? ಹಂಗಾದ್ರ ನಾನೂ ಮ್ಯಾಲ ಹೋಗಾಂವನ ಏನ್ರಿ?"

ಡಾಕ್ಟರೂ ನಕ್ಕುಬಿಟ್ಟರು. ಕಸ್ತೂರಿ ನಗಲು ಹೋಗಿ ಕೆಮ್ಮಿದಳು. ಡಾಕ್ಟರು ಔಷಧ ಬರೆದುಕೊಟ್ಟರು. "ಬಣ್ಣಾ ತಗದು ಮತ್ತೊಮ್ಮೆ ಬರ್ರಿ, ನೋಡೂಣು. ಇಲ್ಲಾಂದ್ರ ಬೆಳಗಾವಿಗೆ ಹೋಗಿ ಎದಿದು ಎಕ್ಸ್-ರೇ ಅರೆ ತಗಸ್ರಿ. ಬಿಡಬ್ಯಾಡ್ರಿ," ಎಂದು ಎರಡು ಸಲ ಹೇಳಿದರು.

ನಾವು ಬಿಟ್ಟೆವು. ನಾವು ಎಂದರೆ ನಾನು.

ಸ್ವೆಟರಿನ ಕಾಲ. ನೂಲಿಗೆ ಫೋನಿನ ಮೇಲೆ ಫೋನು. ಬಣ್ಣ ಬಿಟ್ಟು ಉಗುರು ಸ್ವಚ್ಛವಾಗಲಿ ಎಂದು ಕುಳಿತುಕೊಳ್ಳುವ ಮಾತೇ ಇರಲಿಲ್ಲ. ಮೇಲಾಗಿ ನಾನು ಆ ಮಷಿನ್ನಿನ ಕಥೆಯನ್ನು ಚಹಾದಂಗಡಿಯಲ್ಲಿ ಹೇಳಿದೆ, ಮಿಲ್ಲಿನ ಹಳೆಯ ಗೆಳೆಯರಿಗೆ ಹೇಳಿದೆ. ಹೇಳಿದಷ್ಟು ಸಲವೂ ಜನ ನಕ್ಕರು. ಕಸ್ತೂರಿ ದಿನವೂ ಪುಡಿ ಕಲಸಿದಳು, ಒಲೆ ಊದಿದಳು, ಲಡಿ ಹಿಂಡಿದಳು. ರಾತ್ರಿ ಮಲಗಲು ಆಗದೆ ಗೋಡೆಗೆ ಒರಗಿ ನಿದ್ದೆ ಮಾಡತೊಡಗಿದಳು. ಎಲೆಅಡಿಕೆ ತಿನ್ನುವ ಬಾಯಿ, ತುಟಿ ಕೆಂಪಗೇ ಕಾಣುತ್ತಿತ್ತು. ಕೈ ನೀಲಿ ಇದ್ದೇ ಇತ್ತು. ಬಣ್ಣದ ಕಣ್ಣು ನನ್ನದು, ಆದರೆ ಅವಳ ಮೈಮೇಲಿನ ಬಣ್ಣ ಯಾವುದು ಹಂಡೆಯದು, ಯಾವುದು ಒಳಗಿನದು ಎಂದು ಗುರುತಿಸಲಿಲ್ಲ.

ನಮ್ಮ ಒಬ್ಬಳೇ ಮಗಳು ರೇಣುಕಾಳನ್ನು ಸವದತ್ತಿಗೆ ಕೊಟ್ಟಿದ್ದೇವೆ. ಅವಳದು ಚೊಚ್ಚಲು ಬಸಿರು. ಸೀಮಂತದ ಕುಬಸ ಮುಗಿದು ಹೆರಿಗೆಗೆಂದು ತವರಿಗೆ ಬಂದಳು. ಮಗಳು ಬಂದರೆ ಬಾಗಿಲಿಗೆ ನೀರು ಹಿಡಿದು ಓಡಿ ಬರುವವಳು ಅಂದು ಏಳಲಿಲ್ಲ. ಚಾಪೆಯ ಮೇಲೆ ಕುಳಿತೇ, "ಬಾ ಯವ್ವಾ," ಎಂದಳು. ಅಷ್ಟೇ.

ರೇಣುಕಾ ನನ್ನ ಕಡೆ ತಿರುಗಿದಳು. "ಅವ್ವ ಯಾಕ ಸುಮ್ಮನ ಕುಂತಾಳಪ್ಪಾ?"

"ಕೆಮ್ಮ ಐತಿ ಬಿಡವಾ. ಚಳಿಗಿ. ಔಷಧ ಕೊಟ್ಟಾರ."

"ಕೆಮ್ಮ ಅಲ್ಲ. ಅವ್ವ ಮಾತಾಡವಲ್ಲಳು. ನಮ್ಮವ್ವ ಮಾತಾಡದ ಕುಂತಿದ್ದ ನೀ ಎಂದರ ನೋಡೀಯೇನು?"

ರೇಣುಕಾ ತಾಯಿಯ ಪಕ್ಕದಲ್ಲಿ ಕಾಲು ಚಾಚಿ ಕುಳಿತಳು. ದಿನ ತುಂಬುತ್ತಿರುವ ಹುಡುಗಿ, ಬಾತ ಕಾಲು. ಅದರ ಪಕ್ಕದಲ್ಲಿ ತಾಯಿಯ ಕಾಲು. ಅವಳು ನಾಲ್ಕೂ ಪಾದಗಳನ್ನು ನೋಡುತ್ತ ಕುಳಿತಳು. ಆಮೇಲೆ ಬಗ್ಗಿ ತಾಯಿಯ ಕಾಲ್ಬೆರಳನ್ನು ಒತ್ತಿ ಬಿಟ್ಟಳು.

"ಅಪ್ಪಾ, ಅವ್ವ ಕಾಲಿಲೆ ಬಣ್ಣಾ ಹಾಕ್ತಾಳೇನು?"

ಕಾಲುಂಗುರದ ಕೆಳಗೆ ಅವಳ ಉಗುರುಗಳು ನೀಲಿಯಾಗಿದ್ದವು.

ಬೆಳಗಾವಿಯ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ನರ್ಸಬಾಯಿ ಕೈ ನೋಡಿದವಳೇ ಏನೂ ಕೇಳದೆ ಕಾಲಿನ ಹೆಬ್ಬೆರಳಿಗೆ ಕ್ಲಿಪ್ ಸಿಕ್ಕಿಸಿದಳು. ಎಪ್ಪತ್ತನಾಲ್ಕು. ಕಿವಿಯ ಹಾಲೆಗೆ ಹಾಕಿದಳು. ಅಲ್ಲಿಯೂ ಎಪ್ಪತ್ತನಾಲ್ಕು. ಇಷ್ಟು ಸರಳವಿತ್ತು ಅದು. ಕಾಲಿಗೆ ಬಣ್ಣವಿಲ್ಲ, ಕಿವಿಗೆ ಬಣ್ಣವಿಲ್ಲ. ಅಂದು ಊರಿನ ಡಾಕ್ಟರ ಮುಂದೆ ನಾನು ಬಾಯಿ ಹಾಕದಿದ್ದರೆ ಅವರಿಗೂ ಹೊಳೆಯುತ್ತಿತ್ತೋ ಏನೋ. ನನ್ನ ನಗು ಅಡ್ಡ ಬಂತು.

ಮೂಗಿಗೆ ಆಕ್ಸಿಜನ್ ಹಾಕಿದರು. ಮಣಿಕಟ್ಟಿನ ಒಳಗಿನ ನರದಿಂದ ರಕ್ತ ತೆಗೆದರು. ರಕ್ತದ ಆಕ್ಸಿಜನ್ ಅಳೆಯುವ ಏಬಿಜಿ ಟೆಸ್ಟ್ ಎಂದರು. ಸಿರಿಂಜಿನಲ್ಲಿ ಏರುತ್ತಿದ್ದ ರಕ್ತವನ್ನು ನಾನು ನೋಡಿದೆ. ಕೆಂಪು ನನಗೆ ಗೊತ್ತು. ಆಯುಷ್ಯವೆಲ್ಲ ಕೆಂಪನ್ನು ನೋಡಿದವನು. ಇದು ಬದುಕಿದವರ ಕೆಂಪಲ್ಲ. ಬಹಳ ಹೊತ್ತು ಕುದಿದು ಕಪ್ಪಿಗೆ ತಿರುಗಿದ ಮಂಜಿಷ್ಠದ ನೀರಿನ ಹಾಗಿತ್ತು.

ನೂಲು ಗಾಳಿ ಸಿಕ್ಕರೆ ನೀಲಿಯಾಗುತ್ತದೆ. ಮನುಷ್ಯರು ಗಾಳಿ ಸಿಗದಿದ್ದರೆ ನೀಲಿಯಾಗುತ್ತಾರೆ. ಇದನ್ನು ನಾನು ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು ಕಲಿತೆ.

ಸಿಟಿ ಸ್ಕ್ಯಾನ್ ಆದ ಮೇಲೆ ಡಾಕ್ಟರ್ ಮೇಡಂ ನನ್ನನ್ನು, ರೇಣುಕಾಳನ್ನು ಒಳಗೆ ಕರೆದರು. ಐಎಲ್‌ಡಿ ಎಂದರು. ಶ್ವಾಸಕೋಶ ಸ್ಪಂಜಿನ ಹಾಗೆ ಮೆತ್ತಗಿರಬೇಕು, ಇವರದು ಅಲ್ಲಲ್ಲಿ ಗಟ್ಟಿಯಾಗಿದೆ ಎಂದು ತಿಳಿಸಿ ಹೇಳಿದರು. ಮೊದಲು ಎಲ್ಲಾದರೂ ತೋರಿಸಿದ್ದಿರಾ ಎಂದು ಕೇಳಿದರು. ನಾನು ಆ ಕ್ಲಿಪ್ಪಿನ ಕಥೆ ಹೇಳಿದೆ. ಅಷ್ಟು ಜನರನ್ನು ನಗಿಸಿದ ಕಥೆ. ಅಲ್ಲಿ ಯಾರೂ ನಗಲಿಲ್ಲ.

"ಬಣ್ಣದ ಉಗುರಿಗೆ ಮಷಿನ್ ತಪ್ಪ ತೋರಿಸಬಹುದು, ಖರೇರಿ," ಎಂದರು ಮೇಡಂ. "ಆದ್ರ ಮಷಿನ್ ತಪ್ಪೈತಿ ಅಂದ್ರ ಪೇಷಂಟ್ ಸರಿ ಅದಾರ ಅಂತ ಆಗೂದಿಲ್ಲಲ್ರಿ."

"ಬಣ್ಣದಿಂದನ ಬಂತೇನ್ರಿ ಇದು?"

"ಒಲಿ ಹೊಗಿ, ಪುಡಿ, ಉಣ್ಣಿ ಧೂಳ. ಯಾವ್ದು ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಮೂರರಿಂದನೂ ದೂರ ಇಡ್ರಿ."

"ಮೊದಲ ಬಂದಿದ್ರ?"

ಅವರು ಸ್ಕ್ಯಾನಿನ ಚಿತ್ರವನ್ನು ಮೇಜಿನ ಮೇಲೆ ಇಟ್ಟರು. "ಒಂದಿಷ್ಟು ಉಳೀತಿತ್ತು. ಎಷ್ಟು ಅಂತ ನಾ ಹೇಳಲಾರೆ. ಈಗ ಸ್ಟೀರಾಯ್ಡ್ ಶುರು ಮಾಡೇವಿ. ಬಾವು ಇದ್ದದ್ದು ಇಳೀಬಹುದು. ಗಟ್ಟಿ ಆದದ್ದು ಮತ್ತ ಮೆತ್ತಗ ಆಗೂದಿಲ್ಲ."

ಎಷ್ಟು ಎಂದು ಅವರು ಹೇಳಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ 'ಒಂದಿಷ್ಟು' ಎಂಬ ಮಾತನ್ನು ನಾನು ಈಗಲೂ ಅಳೆಯುತ್ತಿರುತ್ತೇನೆ. ಮನೆಯಿಂದ ಓಣಿಯ ತುದಿಯವರೆಗೆ ನಡೆಯುವಷ್ಟೋ, ಮೊಮ್ಮಗುವನ್ನು ಎತ್ತಿ ಆಡಿಸುವಷ್ಟೋ, ಒಂದು ಸುದ್ದಿಯನ್ನು ನಿಲ್ಲದೆ ಹೇಳಿ ಮುಗಿಸುವಷ್ಟೋ.

ಕೆಲವು ದಿನ ಐಸಿಯು, ಆಮೇಲೆ ವಾರ್ಡ್. ಮುಖಕ್ಕೆ ಬಿಗಿದ ಮಾಸ್ಕ್ ತೆಗೆದ ದಿನ ಅವಳು ಸ್ಕ್ಯಾನಿನ ಚಿತ್ರ ನೋಡಬೇಕೆಂದಳು. ರೇಣುಕಾ ಬೆಳಕಿಗೆ ಹಿಡಿದು ತೋರಿಸಿದಳು. ಕಪ್ಪಿನ ಮೇಲೆ ಬಿಳಿ ಎಳೆಗಳು, ಗೋಜಲು ಗೋಜಲು.

"ಯಾರ... ಹೆಣದಾರಿದನ್ನ?" ಎಂದಳು ಕಸ್ತೂರಿ, ನಡುವೆ ಉಸಿರು ಎಳೆದುಕೊಂಡು. "ಹೆಣಿಗಿ ಕಣ್ಣಿ ಎಲ್ಲಾ... ತಪ್ಯಾವ."

ರೇಣುಕಾ ಅಳುತ್ತಲೇ ನಕ್ಕಳು. ನಾನು ಹೊರಗೆ ಎದ್ದು ಹೋದೆ.

ವಾರ್ಡಿನಲ್ಲಿ ನನಗೆ ಕೆಲಸವಿರಲಿಲ್ಲ. ಕೆಲಸವಿಲ್ಲದೆ ಕುಳಿತು ನನಗೆ ಗೊತ್ತಿಲ್ಲ. ಲಿಂಬೆಹಣ್ಣು ತಂದು ಅವಳ ಉಗುರು ಉಜ್ಜತೊಡಗಿದೆ. ಸೋಪು ಹಚ್ಚಿದೆ. ನರ್ಸಬಾಯಿ ಕೊಟ್ಟ ನೇಲ್‌ಪಾಲಿಶ್ ತೆಗೆಯುವ ನೀರು ಹಚ್ಚಿದೆ. ಒಂದು ಛಾಯೆಯೂ ಇಳಿಯಲಿಲ್ಲ. ಕೈ ಕೆಂಪಾಗುವ ಹಾಗೆ ಉಜ್ಜುತ್ತಿದ್ದೆನೆಂದು ಕಾಣುತ್ತದೆ, ಅವಳು ಬೆರಳು ಎಳೆದುಕೊಂಡಳು.

"ಬಿಡ್ರಿ. ನೀವ... ಹಾಕಿದ ಬಣ್ಣ. ಹೋಗೂದಿಲ್ಲ ಅಂತ... ಗಿರಾಕಿಗೆ ನೀವ ಹೇಳ್ತಿದ್ದಿರಲ್ಲ."

ಹೇಳುತ್ತಿದ್ದೆ. ತೊಳೆದರೂ ಹೋಗದು, ಬಿಸಿಲಿಗೂ ಹೋಗದು ಎಂದು ಎದೆ ಮುಂದೆ ಮಾಡಿ ಹೇಳುತ್ತಿದ್ದೆ.

ಮನೆಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಮಷಿನ್ನು ಬಂತು. ಅವಳನ್ನು ಕರೆತರುವ ಮೊದಲೇ ನಾನು ಊರಿಗೆ ಬಂದು ಕಿಟಕಿಯ ಗೋಣಿಚೀಲ ಕಿತ್ತೆ. ಬೆಳಕು ಒಳಗೆ ಬಿತ್ತು. ಅಡುಗೆಮನೆಯ ಗೋಡೆಯ ಮೇಲೆ ಎಲ್ಲ ಬಣ್ಣಗಳ ಸಣ್ಣ ಧೂಳು ಕುಳಿತಿತ್ತು. ಬೆರಳಿನಿಂದ ಒರೆಸಿದರೆ ಗೆರೆ ಮೂಡಿತು. ಗೋಡೆಯ ಮೇಲೆ ಇಷ್ಟಿದ್ದರೆ ಅವಳೊಳಗೆ ಎಷ್ಟು? ಗೋಡೆ ತೊಳೆದು ಸುಣ್ಣ ಹಚ್ಚಿದೆ. ಒಲೆ ಒಡೆದು ಗ್ಯಾಸ್ ಇಟ್ಟೆ. ನೀಲಿಯ ಹಂಡೆಯನ್ನು ಹಿತ್ತಲಿಗೆ ಒಯ್ದು ಚೆಲ್ಲಿದೆ. ಮಣ್ಣಿನ ಮೇಲೆ ಹಸಿರಾಗಿ ಬಿದ್ದದ್ದು ನೋಡನೋಡುತ್ತ ನೀಲಿಯಾಯಿತು. ಕೂಗಿ ಕರೆಯುವವರು ಯಾರೂ ಇರಲಿಲ್ಲ.

ಬಾಣಂತನ ನಮ್ಮ ಮನೆಯಲ್ಲಿ ಆಗಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಕಸ್ತೂರಿ ಬಾಣಂತಿಯ ಉಂಡೆಗೆಂದು ಕೊಬ್ಬರಿ, ಅಂಟು, ಅಳವಿ ಎಲ್ಲ ಕೂಡಿಸಿಟ್ಟಿದ್ದಳು. ಬಾಣಂತಿಯ ಕೋಣೆ ಎಂದರೆ ಅಗ್ಗಿಷ್ಟಿಕೆ, ಕೂಸಿಗೆ ಲೋಬಾನದ ಹೊಗೆ. ಆ ಹೊಗೆ ಕಸ್ತೂರಿಯ ಹತ್ತಿರ ಸುಳಿಯಬಾರದು. ಬೀಗರು ಒಳ್ಳೆಯವರು, ತಾವೇ ಮಾಡುತ್ತೇವೆ ಎಂದರು. ರೇಣುಕಾ ಸವದತ್ತಿಗೆ ಮರಳುವಾಗ ಕಸ್ತೂರಿ ಅಂಟು, ಕೊಬ್ಬರಿಯ ಚೀಲಗಳನ್ನು ಒಂದೊಂದಾಗಿ ಅವಳ ಕೈಗೆ ಕೊಟ್ಟಳು. ಯಾವುದನ್ನು ಹೇಗೆ ಹುರಿಯಬೇಕು ಎಂದು ಹೇಳಹೊರಟಳು. ಮಾತು ಮುಗಿಯುವಷ್ಟು ಉಸಿರು ಇರಲಿಲ್ಲ. "ನಮ್ಮತ್ತಿಗೆ ಗೊತ್ತೈತಿ ಬಿಡವ್ವಾ," ಎಂದಳು ರೇಣುಕಾ. ಆ ಮಾತು ಕಸ್ತೂರಿಯ ಮುಖಕ್ಕೆ ಎಲ್ಲಿ ತಾಗಿತು ಎಂದು ನಾನು ನೋಡಿದೆ. ಅವಳನ್ನು ನೋಡುವುದನ್ನು ನಾನು ತಡವಾಗಿಯಾದರೂ ಕಲಿತಿದ್ದೇನೆ.

ಹೆಣ್ಣುಕೂಸು. ತಾಯಿ, ಮಗು ಸುಖವಾಗಿದ್ದಾರೆ.

ಅಜ್ಜಿ ಹೆಣೆದ ಕುಲಾಯಿ ಕೂಸಿನ ತಲೆಗೆ ಏರಬೇಕು ಎಂಬುದು ಕಸ್ತೂರಿಯ ಆಸೆ. ಉಣ್ಣೆ ಮುಟ್ಟಬಾರದೆಂದು ಮೇಡಂ ಹೇಳಿದ್ದಾರೆ. ಹತ್ತಿಯ ನೂಲು ನಡೆಯುತ್ತದೆಯೇ ಎಂದು ನಾನೇ ಫೋನಿನಲ್ಲಿ ಕೇಳಿದೆ. ತೊಳೆದು ಒಣಗಿಸಿ, ಕಿಟಕಿಯ ಹತ್ತಿರ ಕುಳಿತು ಹೆಣೆಯಲಿ ಎಂದರು. ಬಿಳಿ ಹತ್ತಿನೂಲು ತಂದು ಹೊರಗೆ ತೊಳೆದು ಒಣಗಿಸಿ ಕೊಟ್ಟೆ.

"ಬಣ್ಣಾ ಬ್ಯಾಡೇನ?" ಎಂದೆ. ಹಿತ್ತಲಿನಲ್ಲಿ ದೂರದಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಂದೇ ಒಂದು ಲಡಿ ಅದ್ದಿಕೊಡಬಹುದಿತ್ತು.

"ಬಿಳಿದ ಇರ್ಲಿ," ಎಂದಳು. "ಹೊಲಸಾದ್ರ... ಗೊತ್ತಾಗ್ತೈತಿ."

ಎರಡು ಸಾಲು ಹೆಣೆದರೆ ದಣಿವು. ಕಡ್ಡಿ ಮಡಿಲಲ್ಲಿಟ್ಟು ಕೂರುತ್ತಾಳೆ. ಮತ್ತೆರಡು ಸಾಲು. ಮಷಿನ್ನು ಪಕ್ಕದಲ್ಲಿ ಗುಂಯ್‌ಗುಡುತ್ತಿರುತ್ತದೆ. ಕರೆಂಟು ಹೋದರೆ ಸಿಲಿಂಡರಿಗೆ ಪೈಪು ಬದಲಿಸುವುದು ನನ್ನ ಕೆಲಸ. ಜಿನ್ನಿಂಗ್ ಮಿಲ್ಲಿನ ಯಂತ್ರ ಓಡಿಸಿದ ಕೈ, ಇದು ಕಷ್ಟವಲ್ಲ. ಮೊನ್ನೆಯ ತಪಾಸಣೆಯಲ್ಲಿ ಮೇಡಂ, "ಕೆಟ್ಟಿಲ್ಲ, ಇದ್ದಷ್ಟ ಐತಿ. ಇದು ಛಲೋ ಸುದ್ದಿ," ಎಂದರು. ಇದ್ದಷ್ಟು ಇರುವುದೇ ಒಳ್ಳೆಯ ಸುದ್ದಿ ಎಂಬುದಕ್ಕೆ ನಾನು ಇನ್ನೂ ಒಗ್ಗಿಕೊಳ್ಳುತ್ತಿದ್ದೇನೆ. ಆದರೆ ಅಂದು ಇಷ್ಟಾದರೂ ಉಳಿಯುವ ಹಾದಿ ಕಾಣುತ್ತಿರಲಿಲ್ಲ ಎಂಬುದನ್ನು ಮರೆತಿಲ್ಲ. ಮಗಳು ಆ ದಿನ ಕಾಲು ಚಾಚಿ ಕುಳಿತು ತಾಯಿಯ ಉಗುರು ನೋಡಿದಳು, ನಾವು ಉಳಿದೆವು.

ಉಗುರಿನ ನೀಲಿ ಒಮ್ಮೆಲೇ ಹೋಗಲಿಲ್ಲ. ಉಗುರು ಬೆಳೆದಂತೆ ಮೇಲಕ್ಕೆ ಸರಿಯಿತು. ಬುಡದಲ್ಲಿ ಹೊಸ ಉಗುರು ಬಣ್ಣವಿಲ್ಲದೆ ಬಂತು. ನಾನು ದಿನವೂ ಬೆಳಿಗ್ಗೆ ಅವಳ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ.

"ಮದವಿಗೆ ಮೊದಲ... ನೋಡಾಕ ಬಂದಾಗ... ಇಷ್ಟ ನೋಡಲಿಲ್ಲ ನೀವು," ಎಂದು ಅವಳು ಚೇಷ್ಟೆ ಮಾಡುತ್ತಾಳೆ.

ನಿನ್ನೆ ಅವಳ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಉಳಿದಿದ್ದ ಕೊನೆಯ ನೀಲಿ ಚೂರನ್ನು ನೇಲ್‌ಕಟರಿನಿಂದ ಕತ್ತರಿಸಿದೆ. ಕೆಳಗಿನ ಉಗುರು ರೇಣುಕಾಳ ಉಗುರಿನ ಹಾಗೆ ಗುಲಾಬಿಯಲ್ಲ. ನೀಲಿಯೂ ಅಲ್ಲ. ಇಷ್ಟು ವರ್ಷ ಬಣ್ಣದ ಕೆಲಸ ಮಾಡಿದವನಿಗೆ ಆ ಬಣ್ಣಕ್ಕೆ ಹೆಸರು ಸಿಗಲಿಲ್ಲ. ಆದರೆ ಅದು ನನಗೆ ಕಾಣುತ್ತದೆ. ನಾಳೆ ಒಂದು ಛಾಯೆ ಬದಲಾದರೂ ಕಾಣುತ್ತದೆ.

ಕಿಟಕಿಯ ಹೊರಗೆ ಯಾರೋ ಜಗಳವಾಡುತ್ತ ಹೋದರು. ಕಸ್ತೂರಿ ಹೆಣಿಗೆ ನಿಲ್ಲಿಸಿ ಕಿವಿಗೊಟ್ಟಳು.

"ಅವರ ಸೊಸಿ ಸುದ್ದಿ... ನಿಮಗ ಗೊತ್ತೇನ್ರಿ? ಆಕಿ..."

ಉಸಿರು ಸಾಲದೆ ನಿಂತಳು. ಕೈ ಎತ್ತಿ, ಎದ್ದು ಹೋಗಬೇಡಿ ಎಂಬಂತೆ ಬೆರಳು ತೋರಿಸಿದಳು.

ನಾನು ಎದ್ದು ಹೋಗಲಿಲ್ಲ. ಸುದ್ದಿಯ ಉಳಿದ ಅರ್ಧಕ್ಕಾಗಿ ಕಾಯುತ್ತ ಕುಳಿತೆ.